ರಾಸ್ಪ್‌ಬೆರಿ ಪೈ ಕಿಟ್: ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬೇಕು

ಆನ್‌ಲೈನ್‌ನಲ್ಲಿ ‘ಕಂಪ್ಲೀಟ್ ಸ್ಟಾರ್ಟರ್ ಕಿಟ್’ ಅಂತ ಹುಡುಕಿದರೆ ಸಿಗುವ ಡಬ್ಬಿಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ. ಒಂದು ರಾಸ್ಪ್‌ಬೆರಿ ಪೈ ಬೋರ್ಡ್ (ಒಂದೇ ಫಲಕದ ಮೇಲಿನ ಪುಟ್ಟ ಕಂಪ್ಯೂಟರ್), ಪ್ಲಾಸ್ಟಿಕ್ ಕೇಸ್, ಶಾಖ ಹೀರಲು ಚಿಪ್ ಮೇಲೆ ಅಂಟಿಸುವ ಪುಟ್ಟ ಹೀಟ್‌ಸಿಂಕ್‌ಗಳು, ಅಡಾಪ್ಟರ್, 32 ಜಿಬಿ ಮೆಮೊರಿ ಕಾರ್ಡ್, ಎಚ್‌ಡಿಎಂಐ ಕೇಬಲ್. ಇನ್ನಷ್ಟು ದುಡ್ಡು ಕೊಟ್ಟರೆ ಮೂವತ್ತು-ನಲವತ್ತು ಸೆನ್ಸರ್‌ಗಳ ಪೆಟ್ಟಿಗೆಯೂ ಜೊತೆಗೆ ಬರುತ್ತದೆ. ಬೋರ್ಡನ್ನು ಯಾರ ಹತ್ತಿರ ಕೊಂಡರೂ ಅದೇ ಬೋರ್ಡ್. ಹಾಗಾಗಿ ಕಿಟ್ ಅಗ್ಗವಾಗಬೇಕಾದರೆ ಮಾರುವವರು ಕೈ ಬಿಗಿ ಮಾಡುವುದು ಅಡಾಪ್ಟರ್, ಕಾರ್ಡ್, ಕೇಬಲ್‌ಗಳಲ್ಲಿ. ‘ಪೈ ಹ್ಯಾಂಗ್ ಆಗ್ತಿದೆ’, ‘ತಾನಾಗಿಯೇ ರೀಸ್ಟಾರ್ಟ್ ಆಗ್ತಿದೆ’ ಎಂಬ ದೂರುಗಳ ಬೆನ್ನು ಹತ್ತಿದರೆ ಸಾಮಾನ್ಯವಾಗಿ ಹೋಗಿ ನಿಲ್ಲುವುದೂ ಈ ಮೂರರ ಹತ್ತಿರವೇ. ಬೋರ್ಡ್ ಒಂದನ್ನು ಅಧಿಕೃತ ಮಾರಾಟಗಾರರಿಂದ ಕೊಂಡು, ಉಳಿದದ್ದನ್ನು ಬಿಡಿಬಿಡಿಯಾಗಿ ಆರಿಸಿಕೊಳ್ಳಿ ಎನ್ನುವುದು ನನ್ನ ಸಲಹೆ. ರಾಸ್ಪ್‌ಬೆರಿ ಪೈ ಜಾಲತಾಣದಲ್ಲಿ ಬೋರ್ಡ್‌ನ ಪುಟ ತೆರೆದು ದೇಶ ಭಾರತ ಅಂತ ಕೊಟ್ಟರೆ ಅವರ ಪಟ್ಟಿ ಸಿಗುತ್ತದೆ. ಬೆಂಗಳೂರಿನವರಿಗೆ ರೆಸಿಸ್ಟರ್, ಜಂಪರ್ ವೈರ್, ಬ್ರೆಡ್‌ಬೋರ್ಡ್, ರಿಲೇ ಇಂಥವಕ್ಕೆಲ್ಲ ಎಸ್.ಪಿ. ರೋಡ್ ಇದ್ದೇ ಇದೆ.

ಯಾವ ಬೋರ್ಡ್?

ಕೆಲಸ ಯಾವುದು ಅಂತ ಗೊತ್ತಾಗುವ ಮುಂಚೆ ಬೋರ್ಡ್ ಆರಿಸಬೇಡಿ. ಮನೆಯ ಎಲ್ಲ ಫೋನ್, ಟಿವಿಗಳಿಗೆ ಜಾಹೀರಾತು ತಡೆಯುವ ಪೈ-ಹೋಲ್ ಓಡಿಸುವುದಷ್ಟೇ ಆದರೆ 512 ಎಂಬಿ ರ‍್ಯಾಮ್ ಇರುವ ಝೀರೋ 2 ಡಬ್ಲ್ಯು ಮಾದರಿಯ ಪೈ ಸಾಕು. ಅದರಲ್ಲಿರುವುದು 2.4 ಗಿಗಾಹರ್ಟ್ಸ್ ವೈಫೈ ಮಾತ್ರ, ಲ್ಯಾನ್ ಪೋರ್ಟ್ ಇಲ್ಲ. ಮನೆಯ ಡಿಎನ್‌ಎಸ್ (ಜಾಲತಾಣದ ಹೆಸರಿನಿಂದ ಅದರ ವಿಳಾಸ ಹುಡುಕುವ ವ್ಯವಸ್ಥೆ) ಪೂರ್ತಿ ವೈಫೈ ಮೇಲೆ ನಿಲ್ಲುವುದು ಬೇಡ ಅನ್ನಿಸಿದರೆ 1 ಅಥವಾ 2 ಜಿಬಿಯ ಪೈ 4 ತಗೊಂಡು ರೂಟರ್‌ಗೆ ಕೇಬಲ್ ಎಳೆಯಿರಿ. ಹೋಮ್ ಅಸಿಸ್ಟೆಂಟ್ ಹಾಕಿ ಮನೆಯ ಸ್ವಿಚ್, ಕ್ಯಾಮೆರಾಗಳನ್ನೆಲ್ಲ ಒಂದೆಡೆ ತರುವ ಯೋಚನೆ ಇದ್ದರೆ ಪೈ 4 ಅಥವಾ ಪೈ 5, 4 ಜಿಬಿ. ಮನೆ ಬಳಕೆಗೆ 8 ಜಿಬಿ, 16 ಜಿಬಿ ಬೋರ್ಡ್‌ಗಳು ದುಡ್ಡು ದಂಡ. 2025ರ ಕೊನೆಯಿಂದ ಮೆಮೊರಿ ಚಿಪ್ ದುಬಾರಿಯಾಗಿ ಬೋರ್ಡ್‌ಗಳ ಬೆಲೆಯೂ ಏರಿದೆ. ಬಳಸದ ರ‍್ಯಾಮ್‌ಗೆ ಕೊಡುವ ಹಣದಲ್ಲಿ ಒಳ್ಳೆಯ ಅಡಾಪ್ಟರ್ ಬಂದೀತು.

ಬರೀ ಟ್ಯಾಂಕಿನ ನೀರಿನ ಮಟ್ಟ, ಕೋಣೆಯ ಉಷ್ಣತೆ, ಕುಂಡದ ಮಣ್ಣಿನ ತೇವ ಅಳೆಯಬೇಕೆಂದರೆ ಪೈ ಬೇಡವೇ ಬೇಡ. ಇಎಸ್‌ಪಿ32 ಅಥವಾ ಪೈ ಪಿಕೊ ಡಬ್ಲ್ಯುನಂಥ ಮೈಕ್ರೊಕಂಟ್ರೋಲರ್ (ಒಂದೇ ಪ್ರೋಗ್ರಾಂ ಓಡಿಸುವ ಪುಟ್ಟ ಬೋರ್ಡ್) ಸಾಕು. ಅವುಗಳಲ್ಲಿ ಆಪರೇಟಿಂಗ್ ಸಿಸ್ಟಮ್ ಇಲ್ಲ, ಕರೆಂಟ್ ಹೋದರೆ ಕೆಡಲು ಕಾರ್ಡೂ ಇಲ್ಲ. ಇನ್ನೊಂದು ಮುಖ್ಯ ಸಂಗತಿ: ಪೈ ಬೋರ್ಡ್‌ನ 40 ಪಿನ್‌ಗಳಲ್ಲಿ ಅನಲಾಗ್ ಇನ್‌ಪುಟ್ (ಏರಿಳಿಯುವ ವೋಲ್ಟೇಜ್ ಅಳೆಯುವ ಪಿನ್) ಒಂದೂ ಇಲ್ಲ. ಆ ನಲವತ್ತು ಸೆನ್ಸರ್‌ಗಳ ಪೆಟ್ಟಿಗೆ ಮೂಲತಃ ಆರ್ಡುಯಿನೊ ಎಂಬ ಬೇರೆ ಬೋರ್ಡ್‌ಗೆಂದು ಜೋಡಿಸಿದ್ದು. ಅದರಲ್ಲಿರುವ ಮಣ್ಣಿನ ತೇವ, ಬೆಳಕು, ಜಾಯ್‌ಸ್ಟಿಕ್ ಮುಂತಾದವು ಅನಲಾಗ್ ಸಿಗ್ನಲ್ ಕೊಡುತ್ತವೆ. ಅದನ್ನು ಅಂಕಿಗೆ ಬದಲಿಸುವ ಎಂಸಿಪಿ3008 ಅಥವಾ ಎಡಿಎಸ್1115 ಚಿಪ್ ಮಧ್ಯೆ ಹಾಕದೆ ಪೈ ಅವನ್ನು ಓದಲಾರದು. ಆ ಚಿಪ್ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ಅಡಾಪ್ಟರ್ ಲೆಕ್ಕ

ಹೆಚ್ಚು ಜನ ಎಡವುವುದು ಇಲ್ಲೇ. ಪೈ 4ಕ್ಕೆ 5 ವೋಲ್ಟ್ 3 ಆಂಪಿಯರ್ ಬೇಕು, ಪೈ 5ಕ್ಕೆ 5 ವೋಲ್ಟ್ 5 ಆಂಪಿಯರ್. ಮನೆಯಲ್ಲಿ 65 ವಾಟ್‌ನ ಲ್ಯಾಪ್‌ಟಾಪ್ ಚಾರ್ಜರ್ ಇದೆ, ಅದೇ ಆಗುತ್ತದೆ ಅಂದುಕೊಳ್ಳಬೇಡಿ. ಅಂಥ ಚಾರ್ಜರ್ ಆ 65 ವಾಟ್ ಕೊಡುವುದು 20 ವೋಲ್ಟ್‌ನಲ್ಲಿ. 5 ವೋಲ್ಟ್ ಕೇಳಿದರೆ ಸಾಮಾನ್ಯವಾಗಿ 3 ಆಂಪಿಯರ್‌ಗೆ ನಿಲ್ಲುತ್ತದೆ. ಅದರಿಂದ ಪೈ 5 ಬೂಟ್ ಆಗುತ್ತದೆ, ಆದರೆ ಯುಎಸ್‌ಬಿ ಪೋರ್ಟ್‌ಗಳಿಗೆಲ್ಲ ಸೇರಿ 600 ಮಿಲಿ ಆಂಪಿಯರ್ ಮಾತ್ರ ಬಿಡುತ್ತದೆ. 5 ಆಂಪಿಯರ್ ಅಡಾಪ್ಟರ್ ಇದ್ದಾಗ ಈ ಮಿತಿ 1.6 ಆಂಪಿಯರ್. ಹೊರಗಿನ ಹಾರ್ಡ್‌ಡಿಸ್ಕ್ ಚುಚ್ಚಿದ ಕೂಡಲೇ ಅದು ಕಟಕಟ ಅಂತ ಸದ್ದು ಮಾಡಿ ಮಾಯವಾಗುವುದು ಇದೇ ಕಾರಣಕ್ಕೆ. ಪೈ 5ಕ್ಕೆ ಕಂಪನಿಯದೇ 27 ವಾಟ್ ಅಡಾಪ್ಟರ್ ತಗೊಂಡು ಸುಮ್ಮನಿರುವುದು ಒಳ್ಳೆಯದು.

ಅಡಾಪ್ಟರ್ ಸರಿಯಿದ್ದರೂ ಕೇಬಲ್ ಕೈ ಕೊಡಬಹುದು. ಅಗ್ಗದ ಕೇಬಲ್‌ಗಳ ಒಳಗೆ ಹೆಚ್ಚಾಗಿ 28 ಗೇಜ್‌ನ ತೆಳು ತಂತಿ ಇರುತ್ತದೆ. ಒಂದು ಮೀಟರ್ ಉದ್ದದಲ್ಲಿ ಹೋಗಿ ಬರುವ ದಾರಿಗೆ ಅದರ ರೋಧ ಸುಮಾರು 0.43 ಓಮ್. ಬೋರ್ಡ್ 1.5 ಆಂಪಿಯರ್ ಎಳೆದರೆ ತಂತಿಯಲ್ಲೇ 0.64 ವೋಲ್ಟ್ ಬಿದ್ದುಹೋಗುತ್ತದೆ. ಅತ್ತ ಕಡೆ 5 ವೋಲ್ಟ್ ಇದ್ದರೂ ಬೋರ್ಡ್‌ಗೆ ತಲುಪುವುದು 4.36. ಪೈ ಸುಮಾರು 4.63 ವೋಲ್ಟ್‌ನ ಕೆಳಗಿಳಿದರೆ ಮಿಂಚಿನ ಗುರುತಿನ ಎಚ್ಚರಿಕೆ ಕೊಟ್ಟು ಪ್ರೊಸೆಸರ್ ವೇಗ ತಗ್ಗಿಸುತ್ತದೆ. ಅದೇ ಉದ್ದದ 22 ಗೇಜ್‌ನ ದಪ್ಪ ತಂತಿಯಲ್ಲಿ ನಷ್ಟ 0.16 ವೋಲ್ಟ್ ಅಷ್ಟೇ. ಕೇಬಲ್ ಅಡಾಪ್ಟರ್‌ಗೇ ಅಂಟಿಕೊಂಡಿರುವ, 5.1 ವೋಲ್ಟ್ ಕೊಡುವ ಮಾದರಿಯನ್ನು ಕಂಪನಿ ಮಾರುವುದು ಸುಮ್ಮನೆ ಅಲ್ಲ.

ಮಾನಿಟರ್ ಇಲ್ಲದೆ ಓಡಿಸುವವರಿಗೆ ಆ ಮಿಂಚಿನ ಗುರುತು ಕಾಣುವುದಿಲ್ಲ. ಟರ್ಮಿನಲ್‌ನಲ್ಲಿ ‘ವಿಸಿಜೆನ್‌ಸಿಎಂಡಿ ಗೆಟ್_ಥ್ರಾಟಲ್ಡ್’ (vcgencmd get_throttled) ಆದೇಶ ಕೊಡಿ. ಉತ್ತರ 0ಎಕ್ಸ್0 ಬಂದರೆ ಎಲ್ಲ ಸರಿ. 0ಎಕ್ಸ್50000 ಬಂದರೆ ಬೂಟ್ ಆದಮೇಲೆ ಯಾವಾಗಲೋ ವೋಲ್ಟೇಜ್ ಕುಸಿದು ವೇಗ ಇಳಿದಿತ್ತು ಅಂತ. 0ಎಕ್ಸ್50005 ಅಂದರೆ ಈ ಕ್ಷಣವೂ ಅದೇ ಸ್ಥಿತಿ. ಹೊಸ ಕಿಟ್ ಬಂದ ದಿನವೇ, ಬೇಕಾದ ಯುಎಸ್‌ಬಿ ಸಾಧನಗಳನ್ನೆಲ್ಲ ಚುಚ್ಚಿ ಒಂದು ಗಂಟೆ ಓಡಿಸಿ ಇದನ್ನು ನೋಡಿಬಿಟ್ಟರೆ, ಹಿಂದಿರುಗಿಸುವ ಅವಧಿ ಮುಗಿಯುವುದರೊಳಗೆ ಸತ್ಯ ಗೊತ್ತಾಗುತ್ತದೆ.

ಕಾರ್ಡ್

ಕಾರ್ಡ್ ಮೇಲೆ ‘ಕ್ಲಾಸ್ 10’ ಅಂತ ಇದ್ದರೆ ಅದು ದೊಡ್ಡ ವಿಡಿಯೊ ಫೈಲನ್ನು ಒಂದೇ ಸಮನೆ ಬರೆಯುವ ವೇಗದ ಮಾತು. ಆಪರೇಟಿಂಗ್ ಸಿಸ್ಟಮ್ ಮಾಡುವುದು ಅಲ್ಲೊಂದು ಇಲ್ಲೊಂದು ಚಿಕ್ಕ ಚಿಕ್ಕ ಓದು-ಬರಹ. ಅದಕ್ಕೆ ನೋಡಬೇಕಾದದ್ದು ಎ1 ಗುರುತು: ಸೆಕೆಂಡಿಗೆ ಕನಿಷ್ಠ 1500 ಓದು, 500 ಬರಹ. ಎ2 ಇದ್ದರೆ ಒಳ್ಳೆಯದೇ, ಆದರೆ ಅದಕ್ಕಾಗಿ ವಿಶೇಷವಾಗಿ ಖರ್ಚು ಮಾಡಬೇಕಿಲ್ಲ. ವರ್ಷವಿಡೀ ಲಾಗ್ ಬರೆಯುವ ಹೋಮ್ ಅಸಿಸ್ಟೆಂಟ್‌ನಂಥ ಕೆಲಸಕ್ಕೆ ಸಿಸಿಟಿವಿಗೆಂದು ಮಾರುವ ‘ಹೈ ಎಂಡ್ಯುರೆನ್ಸ್’ ಕಾರ್ಡ್ ಬಾಳಿಕೆ ಬರುತ್ತದೆ.

ನಕಲಿ ಕಾರ್ಡ್‌ಗಳ ಕಾಟ ದೊಡ್ಡದು. 8 ಜಿಬಿ ಚಿಪ್‌ಗೆ 64 ಜಿಬಿ ಅಂತ ಸುಳ್ಳು ಹೇಳುವ ಕಂಟ್ರೋಲರ್ ಹಾಕಿರುತ್ತಾರೆ. ಮೊದಲ 8 ಜಿಬಿ ತುಂಬುವವರೆಗೂ ಎಲ್ಲ ಚೆನ್ನಾಗಿರುತ್ತದೆ, ಆಮೇಲೆ ಬರೆದದ್ದೆಲ್ಲ ಗಾಳಿಗೆ. ಲಿನಕ್ಸ್‌ನಲ್ಲಿ ಎಫ್3, ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯು ಎಂಬ ಉಚಿತ ಸಾಧನಗಳಿವೆ. ಅವು ಕಾರ್ಡನ್ನು ಪೂರ್ತಿ ತುಂಬಿಸಿ, ಮತ್ತೆ ಓದಿ ಹೋಲಿಸುತ್ತವೆ. ಸ್ವಲ್ಪ ಹೊತ್ತು ಹಿಡಿಯುತ್ತದೆ, ಆದರೆ ಆಪರೇಟಿಂಗ್ ಸಿಸ್ಟಮ್ ಹಾಕುವ ಮೊದಲೇ ಇದು ಮುಗಿಯಬೇಕು. ‘ಪ್ರೀಲೋಡೆಡ್’ ಅಂತ ಕಿಟ್ ಜೊತೆ ಬಂದ ಕಾರ್ಡನ್ನೂ ಅಳಿಸಿ ಹೊಸದಾಗಿ ಬರೆಯಿರಿ. ಯಾವ ಕಾಲದ ಆವೃತ್ತಿ ಅದರಲ್ಲಿದೆಯೋ ಹೇಳಲಾಗದು.

ಕೇಸ್, ಶಾಖ, ಎಚ್‌ಡಿಎಂಐ

ಪೈ 4 ಮತ್ತು 5ರಲ್ಲಿ ಪ್ರೊಸೆಸರ್ 80 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ವೇಗ ಇಳಿಯತೊಡಗುತ್ತದೆ, 85ಕ್ಕೆ ಇನ್ನೂ ಬಿಗಿಯಾಗುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ರಾಯಚೂರು, ಕಲಬುರಗಿಯ ಕೋಣೆಯೊಳಗೆ, ಮುಚ್ಚಿದ ಪ್ಲಾಸ್ಟಿಕ್ ಕೇಸ್‌ನಲ್ಲಿ ಆ ಅಂಟಿಸುವ ಹೀಟ್‌ಸಿಂಕ್‌ಗಳು ಹೆಸರಿಗೆ ಮಾತ್ರ. ಬಿಸಿಗಾಳಿ ಹೊರಗೆ ಹೋಗಲು ದಾರಿಯೇ ಇರುವುದಿಲ್ಲ. ಪೈ 5ಕ್ಕೆ ಕಂಪನಿಯ ‘ಆಕ್ಟಿವ್ ಕೂಲರ್’ ಫ್ಯಾನ್ ಹಾಕಿ. ಪೈ 4ಕ್ಕೆ ಚಿಪ್‌ಗೇ ತಾಗುವ ಅಲ್ಯೂಮಿನಿಯಂ ಕೇಸ್ ಸದ್ದಿಲ್ಲದೆ ಕೆಲಸ ಮಾಡುತ್ತದೆ, ಆದರೆ ವೈಫೈ ಸ್ವಲ್ಪ ಕುಂದುತ್ತದೆ. ಲ್ಯಾನ್ ಕೇಬಲ್ ಇದ್ದರೆ ಆ ಚಿಂತೆ ಇಲ್ಲ.

ಎಚ್‌ಡಿಎಂಐ ಕೇಬಲ್ ವಿಷಯ ಚಿಕ್ಕದು: ಪೈ 4, 5ಕ್ಕೆ ಮೈಕ್ರೊ ಎಚ್‌ಡಿಎಂಐ, ಝೀರೋಗೆ ಮಿನಿ ಎಚ್‌ಡಿಎಂಐ. ಎರಡೂ ಬೇರೆ ಬೇರೆ. ಎರಡು ಪೋರ್ಟ್ ಇರುವ ಬೋರ್ಡ್‌ನಲ್ಲಿ ಪವರ್ ಪೋರ್ಟ್‌ನ ಪಕ್ಕದ್ದಕ್ಕೇ ಮೊದಲು ಚುಚ್ಚಿ.

ಮೊದಲ ಬೂಟ್

ಕಾರ್ಡ್‌ಗೆ ಆಪರೇಟಿಂಗ್ ಸಿಸ್ಟಮ್ ಹಾಕುವ ರಾಸ್ಪ್‌ಬೆರಿ ಪೈ ಇಮೇಜರ್ ತಂತ್ರಾಂಶದಲ್ಲಿ ಕಾರ್ಡ್ ಬರೆಯುವಾಗಲೇ ಹೋಸ್ಟ್‌ನೇಮ್ (ನೆಟ್‌ವರ್ಕ್‌ನಲ್ಲಿ ಪೈಯ ಹೆಸರು), ಬಳಕೆದಾರನ ಹೆಸರು, ಪಾಸ್‌ವರ್ಡ್, ವೈಫೈ ಮತ್ತು ಅದರ ದೇಶ ಭಾರತ, ಎಸ್‌ಎಸ್‌ಎಚ್ (ಬೇರೆ ಕಂಪ್ಯೂಟರ್‌ನಿಂದ ಪೈಗೆ ಲಾಗಿನ್ ಆಗುವ ದಾರಿ) ಆನ್ ಇಷ್ಟನ್ನೂ ತುಂಬಿಬಿಡಿ. ಮಾನಿಟರ್, ಕೀಬೋರ್ಡ್ ಎರಡೂ ಬೇಕಾಗುವುದಿಲ್ಲ. ದೇಶ ಆರಿಸದಿದ್ದರೆ ವೈಫೈ ರೇಡಿಯೊ ಆನ್ ಆಗದೇ ಉಳಿಯಬಹುದು.

ಯೂಟ್ಯೂಬ್‌ನ ಹಳೆಯ ವಿಡಿಯೊ ನೋಡಿಕೊಂಡು ಮಾಡಿದರೆ ಕೆಲವು ಕಡೆ ಸಿಕ್ಕಿಬೀಳುತ್ತೀರಿ. ಲಾಗಿನ್‌ಗೆ ಮೊದಲೇ ಇರುತ್ತಿದ್ದ ‘ಪೈ’ ಹೆಸರು, ‘ರಾಸ್ಪ್‌ಬೆರಿ’ ಪಾಸ್‌ವರ್ಡ್ 2022ರ ಏಪ್ರಿಲ್‌ನಿಂದ ಇಲ್ಲ. ಬೂಟ್ ಫೋಲ್ಡರಿಗೆ ಡಬ್ಲ್ಯುಪಿಎ ಸಪ್ಲಿಕೆಂಟ್ ಫೈಲ್ ಹಾಕಿ ವೈಫೈ ಕೊಡುವ ಹಳೆಯ ಉಪಾಯ ಆಪರೇಟಿಂಗ್ ಸಿಸ್ಟಮ್‌ನ 2023ರ ಬುಕ್‌ವರ್ಮ್ ಆವೃತ್ತಿಯಿಂದ ನಡೆಯುವುದಿಲ್ಲ. ಪೈಥಾನ್ ಪ್ಯಾಕೇಜ್ ಹಾಕಲು ಹೋದರೆ ‘ಎಕ್ಸ್‌ಟರ್ನಲಿ ಮ್ಯಾನೇಜ್ಡ್’ ಅಂತ ತಗಾದೆ ತೆಗೆಯುತ್ತದೆ. ವರ್ಚುವಲ್ ಎನ್ವಿರಾನ್‌ಮೆಂಟ್ (ಸಿಸ್ಟಮ್‌ನ ಪೈಥಾನ್ ಮುಟ್ಟದ ಬೇರೆ ಫೋಲ್ಡರ್) ಮಾಡಿಕೊಂಡು ಅದರೊಳಗೆ ಹಾಕಿ, ಆ ತಡೆಯನ್ನು ಮುರಿಯಲು ಹೋಗಬೇಡಿ. ಪೈ 5ರಲ್ಲಿ ಪಿನ್‌ಗಳು ಆರ್‌ಪಿ1 ಎಂಬ ಬೇರೆ ಚಿಪ್‌ನ ಕೈಕೆಳಗಿವೆ. ಹಾಗಾಗಿ ಪಿನ್‌ಗಳನ್ನು ಆಳುವ ಹಳೆಯ ಆರ್‌ಪಿಐ-ಜಿಪಿಐಒ ಲೈಬ್ರರಿ ಅಲ್ಲಿ ಓಡದು. ಜಿಪಿಐಒ-ಝೀರೋ ಬಳಸಿ.

ಸೆನ್ಸರ್‌ಗಳು

ಪಿನ್‌ಗಳು 3.3 ವೋಲ್ಟ್‌ನವು. ಅವಕ್ಕೆ 5 ವೋಲ್ಟ್ ತಾಗಿಸಿದರೆ ಪಿನ್ ಹೋಗಬಹುದು, ಕೆಲವೊಮ್ಮೆ ಬೋರ್ಡೇ ಹೋಗಬಹುದು. ಎಚ್‌ಸಿ-ಎಸ್‌ಆರ್04 ಅಲ್ಟ್ರಾಸಾನಿಕ್ ಸೆನ್ಸರ್ 5 ವೋಲ್ಟ್‌ನಲ್ಲಿ ಓಡಿ, ಎಕೋ ಪಿನ್‌ನಲ್ಲಿ 5 ವೋಲ್ಟನ್ನೇ ವಾಪಸ್ ಕೊಡುತ್ತದೆ. ಎಕೋದಿಂದ 1 ಕಿಲೋಓಮ್, ಅಲ್ಲಿಂದ ಗ್ರೌಂಡ್‌ಗೆ 2 ಕಿಲೋಓಮ್ ರೆಸಿಸ್ಟರ್ ಹಾಕಿ, ಎರಡರ ನಡುವಿನಿಂದ ಪೈಗೆ ತಂತಿ ಎಳೆದರೆ 3.33 ವೋಲ್ಟ್ ಸಿಗುತ್ತದೆ. 2 ಕಿಲೋಓಮ್ ಇಲ್ಲವೆಂದರೆ 1 ಕಿಲೋಓಮ್‌ನ ಎರಡನ್ನು ಸಾಲಾಗಿ ಸೇರಿಸಿ.

ಉಷ್ಣತೆ, ಆರ್ದ್ರತೆ, ಗಾಳಿಯ ಒತ್ತಡ ಮೂರನ್ನೂ ಅಳೆಯುವ ಬಿಎಂಇ280 ಮಾಡ್ಯೂಲ್ ಹೆಸರಿನಲ್ಲಿ ಎಷ್ಟೋ ಬಾರಿ ಬಿಎಂಪಿ280 ಬರುತ್ತದೆ. ಅದರಲ್ಲಿ ಆರ್ದ್ರತೆ ಇಲ್ಲ. ಬೋರ್ಡ್‌ನ ನಡುವಿನ ಪುಟ್ಟ ಲೋಹದ ಡಬ್ಬಿ ನೋಡಿ: ಬಿಎಂಇ ಚೌಕ, ಬಿಎಂಪಿ ತುಸು ಉದ್ದುದ್ದ. ಅನುಮಾನ ಇದ್ದರೆ ಚಿಪ್‌ನ ಐಡಿ ರಿಜಿಸ್ಟರ್ ಓದಿ. ಹೆಕ್ಸ್ 60 ಬಂದರೆ ಬಿಎಂಇ, 58 ಬಂದರೆ ಬಿಎಂಪಿ. ಕೂಡಲೇ ವಾಪಸ್ ಕಳಿಸಿ. ಡಿಎಸ್18ಬಿ20 ಉಷ್ಣತಾ ಸೆನ್ಸರ್ ತಗೊಂಡರೆ ಡೇಟಾ ಮತ್ತು 3.3 ವೋಲ್ಟ್ ನಡುವೆ 4.7 ಕಿಲೋಓಮ್ ರೆಸಿಸ್ಟರ್ ಮರೆಯಬೇಡಿ. ಅದಿಲ್ಲದೆ ಸೆನ್ಸರ್ ಪತ್ತೆಯೇ ಆಗುವುದಿಲ್ಲ.

ಕರೆಂಟ್ ಹೋದಾಗ

ಬರೆಯುತ್ತಿರುವಾಗ ಕರೆಂಟ್ ಹೋದರೆ ಕಾರ್ಡ್‌ನ ಫೈಲ್ ಸಿಸ್ಟಮ್ ಕೆಡಬಹುದು. ಮನೆಯ ಇನ್ವರ್ಟರ್ ಲೈನ್‌ಗೆ ಚುಚ್ಚುವುದು ಮೊದಲ ಉಪಾಯ. ಸುಮಾರು 4 ವಾಟ್ ತಿನ್ನುವ ಬೋರ್ಡ್ ತಿಂಗಳಿಡೀ ಓಡಿದರೂ ಮೂರು ಯೂನಿಟ್ ದಾಟದು, ಬ್ಯಾಟರಿಗೂ ಭಾರವಲ್ಲ. ಡೇಟಾ ಉಳಿಸುವ ಅಗತ್ಯವೇ ಇಲ್ಲದ ಕೆಲಸವಾದರೆ ಎಲ್ಲ ಸೆಟಪ್ ಮುಗಿಸಿ, ಪೈಯ ಸೆಟ್ಟಿಂಗ್ ಬದಲಿಸುವ ರಾಸ್ಪಿ-ಕಾನ್ಫಿಗ್‌ನಲ್ಲಿ (raspi-config) ‘ಓವರ್‌ಲೇ ಫೈಲ್ ಸಿಸ್ಟಮ್’ ಆನ್ ಮಾಡಿ. ಆಮೇಲೆ ಬರಹವೆಲ್ಲ ರ‍್ಯಾಮ್‌ಗೆ ಹೋಗುತ್ತದೆ, ಕಾರ್ಡ್ ಮುಟ್ಟದೆ ಉಳಿಯುತ್ತದೆ. ಏನನ್ನಾದರೂ ಬದಲಿಸಬೇಕಾದರೆ ಮಾತ್ರ ಅದನ್ನು ಆಫ್ ಮಾಡಿ ರೀಬೂಟ್ ಮಾಡಬೇಕು.

ಸಂಪ್ ಮೋಟಾರ್

ಪೈ ಕೊಂಡ ಬಹಳ ಜನರ ಕಣ್ಣು ಸಂಪ್‌ನಿಂದ ಮೇಲಿನ ಟ್ಯಾಂಕ್‌ಗೆ ನೀರೆತ್ತುವ ಮೋಟಾರ್ ಮೇಲೆ ಬೀಳುತ್ತದೆ. ಮಾಡಬಹುದು, ಆದರೆ ಕಿಟ್‌ನಲ್ಲಿ ಬರುವ ನೀಲಿ ರಿಲೇಗೆ (ಪೈಯ ಸಿಗ್ನಲ್‌ಗೆ ಆನ್-ಆಫ್ ಆಗುವ ಸ್ವಿಚ್) ನೇರವಾಗಿ ಮೋಟಾರ್ ಕೊಡಬೇಡಿ. ಅದರ ಮೇಲೆ 10 ಆಂಪಿಯರ್ 250 ವೋಲ್ಟ್ ಅಂತ ಬರೆದಿರುವುದು ಬಲ್ಬ್, ಹೀಟರ್‌ಗಳಂಥ ಲೋಡ್‌ಗೆ ಹೊಂದುವ ಮಾತು. ಒಂದು ಎಚ್‌ಪಿ ಮೋಟಾರ್ ಸ್ಟಾರ್ಟ್ ಆಗುವಾಗ ಮಾಮೂಲಿನ ಹಲವು ಪಟ್ಟು ಕರೆಂಟ್ ಎಳೆಯುತ್ತದೆ, ರಿಲೇ ಒಳಗಿನ ಕಾಂಟ್ಯಾಕ್ಟ್ ಬೆಸೆದುಕೊಂಡು ಮೋಟಾರ್ ನಿಲ್ಲದೇ ಓಡುತ್ತಲೇ ಇರಬಹುದು. ರಿಲೇ ಓಡಿಸಬೇಕಾದದ್ದು ಕಾಂಟ್ಯಾಕ್ಟರ್‌ನ (ಮೋಟಾರ್‌ನಂಥ ಭಾರಿ ಲೋಡ್‌ಗೆಂದೇ ಇರುವ ದೊಡ್ಡ ಸ್ವಿಚ್) 230 ವೋಲ್ಟ್ ಕಾಯಿಲನ್ನು, ಮೋಟಾರನ್ನು ಓಡಿಸುವುದು ಕಾಂಟ್ಯಾಕ್ಟರ್. ಕಾಯಿಲ್ ಆಫ್ ಆದಾಗ ಚಿಮ್ಮುವ ವೋಲ್ಟೇಜ್ ಪೈಯನ್ನು ರೀಸ್ಟಾರ್ಟ್ ಮಾಡಿಸುತ್ತಿದ್ದರೆ ಕಾಯಿಲ್‌ಗೆ ಅಡ್ಡಲಾಗಿ ಸ್ನಬರ್ ಹಾಕಿಸಿ: 100 ಓಮ್ ರೆಸಿಸ್ಟರ್ ಮತ್ತು 0.1 ಮೈಕ್ರೊಫ್ಯಾರಡ್‌ನ ಎಕ್ಸ್2 ದರ್ಜೆಯ ಕೆಪಾಸಿಟರ್, ಎರಡೂ ಸಾಲಾಗಿ. 230 ವೋಲ್ಟ್ ಕಡೆಯ ಕೆಲಸವೆಲ್ಲ ಎಲೆಕ್ಟ್ರಿಷಿಯನ್ ಕೈಯಲ್ಲೇ ಆಗಲಿ.

ಈ ರಿಲೇ ಮಾಡ್ಯೂಲ್‌ಗಳಲ್ಲಿ ಹೆಚ್ಚಿನವು ಪಿನ್‌ನ ವೋಲ್ಟೇಜ್ 0 ಆದಾಗ ಆನ್ ಆಗುವ ಜಾತಿಯವು. ಪ್ರೋಗ್ರಾಂ ಶುರುವಾದ ಕೂಡಲೇ ಪಿನ್ 0ಗೆ ಇಳಿದು ಮೋಟಾರ್ ಗುರ್ ಅನ್ನುತ್ತದೆ. ಜಿಪಿಐಒ-ಝೀರೋದಲ್ಲಿ ಔಟ್‌ಪುಟ್ ಮಾಡುವಾಗ ‘ಆಕ್ಟಿವ್ ಹೈ’ (active_high) ಎಂಬುದಕ್ಕೆ ಫಾಲ್ಸ್ (False) ಕೊಡಬೇಕು. 5 ವೋಲ್ಟ್‌ಗೆಂದು ಮಾಡಿದ ಕೆಲವು ಮಾಡ್ಯೂಲ್‌ಗಳು ಪೈಯ 3.3 ವೋಲ್ಟನ್ನು ‘ಆಫ್’ ಅಂತ ಒಪ್ಪುವುದೇ ಇಲ್ಲ. ಕೊಳ್ಳುವಾಗಲೇ 3.3 ವೋಲ್ಟ್ ಟ್ರಿಗರ್ ಅಂತ ಸ್ಪಷ್ಟವಾಗಿ ಹೇಳಿರುವುದನ್ನು ಆರಿಸಿ.

ಟ್ಯಾಂಕಿನ ಕಡೆ ಎಚ್‌ಸಿ-ಎಸ್‌ಆರ್04 ಬೇಡ, ಮುಚ್ಚಳದಡಿಯ ಹಬೆಗೆ ತುಕ್ಕು ಹಿಡಿಯುತ್ತದೆ. ಜಲನಿರೋಧಕ ಜೆಎಸ್‌ಎನ್-ಎಸ್‌ಆರ್04ಟಿ ಹಾಕಿ. ಸೆನ್ಸರ್‌ನಿಂದ ಸುಮಾರು 20-25 ಸೆಂಟಿಮೀಟರ್ ಒಳಗಿನದ್ದು ಅದಕ್ಕೆ ಕಾಣದು. ಹಾಗಾಗಿ ನೀರು ತುಂಬಿ ನಿಲ್ಲುವ ಮಟ್ಟಕ್ಕಿಂತ ಕನಿಷ್ಠ ಅಷ್ಟು ಮೇಲೆ ಇರಲಿ. ಸೆನ್ಸರನ್ನು ಟ್ಯಾಂಕಿನ ಹತ್ತಿರದ ಒಂದು ಇಎಸ್‌ಪಿ32ಗೆ ಜೋಡಿಸಿ ವೈಫೈನಲ್ಲಿ ಪೈಗೆ ಲೆಕ್ಕ ಕಳಿಸುವುದು, ಉದ್ದ ತಂತಿ ಎಳೆಯುವುದಕ್ಕಿಂತ ಎಷ್ಟೋ ವಾಸಿ. ಕೊನೆಗೆ, ಸಂಪ್‌ನಲ್ಲಿ ಒಂದು ಫ್ಲೋಟ್ ಸ್ವಿಚ್, ಮೇಲಿನ ಟ್ಯಾಂಕ್‌ನಲ್ಲಿ ಒಂದು, ಎರಡನ್ನೂ ಕಾಂಟ್ಯಾಕ್ಟರ್ ಕಾಯಿಲ್‌ನ ದಾರಿಯಲ್ಲಿ ಸಾಲಾಗಿ ಸೇರಿಸಲು ಎಲೆಕ್ಟ್ರಿಷಿಯನ್‌ಗೆ ಹೇಳಿ. ಪೈ ಹ್ಯಾಂಗ್ ಆಗಲಿ, ವೈಫೈ ಹೋಗಲಿ, ಸಂಪ್ ಬರಿದಾದರೆ ಅಥವಾ ಟ್ಯಾಂಕ್ ತುಂಬಿದರೆ ಸ್ವಿಚ್ ತೆರೆದು ಮೋಟಾರ್ ನಿಲ್ಲುತ್ತದೆ.