ತಮ್ಮನ ಪಾತ್ರಕ್ಕೆ ಡೈಲಾಗ್ ಬರೆಯುವವರಿಗೆ

ಧಾರಾವಾಹಿಗಳಿಗೆ ಸಂಭಾಷಣೆ ಬರೆಯುವುದು ನನ್ನ ಕೆಲಸ. ನಮ್ಮ ಕಥೆಗಳ ಮನೆಯಲ್ಲಿ ಒಬ್ಬ ಚಿಕ್ಕ ಹುಡುಗ ಇದ್ದೇ ಇರುತ್ತಾನೆ, ಸಾಮಾನ್ಯವಾಗಿ ನಾಯಕಿಯ ತಮ್ಮ. ಸೀನ್ ಭಾರ ಆದಾಗ ಅವನನ್ನು ಒಳಗೆ ಕರೆಸಿ, ಒಂದು ಪಂಚ್ ಹೇಳಿಸಿ, ಆಚೆ ಕಳಿಸುವುದು ಸುಲಭ. ಚಾನೆಲ್‌ನವರೂ ಅದನ್ನೇ ಕೇಳುತ್ತಾರೆ. "ಹುಡುಗನಿಗೆ ಇನ್ನೊಂದು ಪಂಚ್ ಹಾಕಿ ಮೇಡಂ, ಚೆನ್ನಾಗಿ ಹೋಗ್ತಿದೆ" ಅನ್ನುತ್ತಾರೆ. ನಾನು ಆದಷ್ಟು ಹಾಕುವುದಿಲ್ಲ. ಯಾಕೆ ಅಂತ ಹೇಳಬೇಕಾದರೆ ಅಮೆರಿಕದ ಹಳೆಯ ಫ್ಯಾಮಿಲಿ ಸಿಟ್‌ಕಾಮ್‌ಗಳ, ಅಂದರೆ ಟಿವಿಯ ಹಾಸ್ಯ ಧಾರಾವಾಹಿಗಳ ಬಗ್ಗೆ ಮಾತಾಡಬೇಕು. ತಮ್ಮನ ಪಾತ್ರ ಬರೆಯುವುದನ್ನು ನಾನು ಕಲಿತಿದ್ದು ಅವುಗಳನ್ನು ಪೆನ್ನು ಹಿಡಿದು ನೋಡಿ.

ಮೊದಲು ನೋಡಬೇಕಾದ್ದು 'ಲೀವ್ ಇಟ್ ಟು ಬೀವರ್'. 1957ರ ಅಕ್ಟೋಬರ್ 4ಕ್ಕೆ ಶುರುವಾಗಿ 1963ರವರೆಗೆ 234 ಎಪಿಸೋಡ್ ಬಂತು. ಕ್ಲೀವರ್ ಅನ್ನುವ ಮನೆ. ಅಪ್ಪ ವಾರ್ಡ್, ಅಮ್ಮ ಜೂನ್, ಅಣ್ಣ ವಾಲಿ, ತಮ್ಮ ಥಿಯೋಡರ್. ಥಿಯೋಡರನನ್ನು ಎಲ್ಲರೂ ಬೀವರ್ ಅಂತಲೇ ಕರೆಯುತ್ತಾರೆ. ಜೆರಿ ಮ್ಯಾಥರ್ಸ್ ಅನ್ನುವ ಹುಡುಗ ಆ ಪಾತ್ರ ಮಾಡಿದ. ಅಲ್ಲಿಯವರೆಗಿನ ಮನೆ-ಕಥೆಗಳನ್ನು ಹೆಚ್ಚಾಗಿ ಅಪ್ಪ ಅಮ್ಮನ ಕಡೆಯಿಂದ ಹೇಳುತ್ತಿದ್ದರು. ಇದು ಮಕ್ಕಳ ಕಡೆಯಿಂದ ಹೇಳಿತು.

ಮೊದಲ ಎಪಿಸೋಡನ್ನೇ ತಗೊಳ್ಳಿ. ಟೀಚರ್ ಒಂದು ಚೀಟಿ ಕೊಟ್ಟು "ಅಮ್ಮನಿಗೆ ಕೊಡು" ಅನ್ನುತ್ತಾರೆ. ಜೊತೆಯ ಹುಡುಗರು "ನಿನ್ನ ಸ್ಕೂಲಿಂದ ತೆಗೆದುಹಾಕ್ತಾರೆ" ಅಂತ ಹೆದರಿಸುತ್ತಾರೆ. ಬೀವರ್ ಚೀಟಿ ಕೊಡುವುದಿಲ್ಲ. ವಾಲಿ ತಮ್ಮನನ್ನು ಉಳಿಸಲು ಅಮ್ಮನ ಹೆಸರಲ್ಲಿ ತಾನೇ ಒಂದು ಉತ್ತರ ಬರೆದುಕೊಡುತ್ತಾನೆ. ಕೊನೆಗೆ ನೋಡಿದರೆ ಚೀಟಿಯಲ್ಲಿ ಇದ್ದದ್ದು ಇಷ್ಟೇ: ಶಾಲೆಯ ನಾಟಕದಲ್ಲಿ ನಿಮ್ಮ ಮಗ ಕರಡಿಯ ಪಾತ್ರ ಮಾಡಬಹುದಾ?

ಇಲ್ಲಿ ಹುಡುಗ ಒಂದೂ ಚುರುಕು ಮಾತು ಹೇಳಬೇಕಾಗಿಲ್ಲ. ಅವನಿಗೆ ಗೊತ್ತಿರುವುದು ಸ್ವಲ್ಪ. ಆ ಸ್ವಲ್ಪದಲ್ಲೇ ಅವನು ಸರಿಯಾಗಿ ಲೆಕ್ಕ ಹಾಕುತ್ತಾನೆ. ಲೆಕ್ಕ ಸರಿ, ಉತ್ತರ ತಪ್ಪು. ನಗು ಬರುವುದೂ ಅಲ್ಲಿಂದಲೇ, ಸಂಕಟ ಆಗುವುದೂ ಅಲ್ಲಿಂದಲೇ. 1961ರ ಇನ್ನೊಂದು ಎಪಿಸೋಡ್ ಇದೆ. ರಸ್ತೆ ಬದಿಯ ದೊಡ್ಡ ಜಾಹೀರಾತು ಫಲಕದಲ್ಲಿ ಸೂಪ್ ಬಟ್ಟಲು, ಅದರಿಂದ ಹಬೆ ಬರುತ್ತಿರುತ್ತದೆ. ಒಳಗೆ ನಿಜವಾಗಿ ಸೂಪ್ ಇದೆಯೋ ಇಲ್ಲವೋ ಅಂತ ಗೆಳೆಯನ ಜೊತೆ ವಾದ ಆಗುತ್ತದೆ. ಬೀವರ್ ನೋಡಲು ಹತ್ತುತ್ತಾನೆ, ಒಳಗೆ ಬೀಳುತ್ತಾನೆ, ಕೆಳಗೆ ಜನ ಸೇರುತ್ತಾರೆ. ಆ ವಯಸ್ಸಿನ ಹುಡುಗನಿಗೆ ಹತ್ತಿ ನೋಡದೆ ಬೇರೆ ದಾರಿಯೇ ಇಲ್ಲ, ಅಲ್ವಾ?

ಇದನ್ನು ಹುಟ್ಟುಹಾಕಿದವರು ಜೋ ಕಾನೆಲಿ ಮತ್ತು ಬಾಬ್ ಮೋಷರ್. ಇಬ್ಬರಿಗೂ ಮಕ್ಕಳಿದ್ದರು. ಮನೆಯಲ್ಲಿ ಮಕ್ಕಳು ಮಾಡಿದ್ದು, ಆಡಿದ್ದು ಎಷ್ಟೋ ಕಥೆಗಳಾದವು. ವಾಲಿ, ಬೀವರ್ ಪಾತ್ರಗಳಿಗೆ ಕಾನೆಲಿಯ ಸ್ವಂತ ಮಕ್ಕಳೇ ಮಾದರಿ. ಇದು ನನಗೆ ತುಂಬಾ ಮುಖ್ಯ ಅನ್ನಿಸಿತು. ಹಾಗಾಗಿ ಹುಡುಗನ ಟ್ರ್ಯಾಕ್, ಅಂದರೆ ಕಥೆಯಲ್ಲಿ ಅವನ ಎಳೆ, ಬರೆಯುವ ಮುಂಚೆ ನಾನು ಸೆಟ್‌ಗೆ ಹೋಗಿ ಆ ಹುಡುಗನ ಜೊತೆ ಕೂರುತ್ತೇನೆ. ಪ್ರಶ್ನೆ ಕೇಳುವುದಿಲ್ಲ, ಸುಮ್ನೆ ಅವನು ಮಾತಾಡುವುದನ್ನು ಕೇಳುತ್ತೇನೆ. ಒಮ್ಮೆ ಅವನೇ ಬಂದು "ಆಂಟಿ, ಈ ಡೈಲಾಗ್ ಯಾಕೆ ಹೇಳ್ಬೇಕು? ಅಕ್ಕ ಅಳ್ತಿದ್ರೆ ನಾನು ರೂಮಿಗೆ ಹೋಗ್ಬಿಡ್ತೀನಿ" ಅಂದ. ಡೈಲಾಗ್ ಹೊಡೆದುಹಾಕಿ, ಅವನು ರೂಮಿಗೆ ಹೋಗುವಂತೆ ಸೀನ್ ಪೇಪರ್ ತಿದ್ದಿದೆವು. ಆ ವಾರದ ಒಳ್ಳೆಯ ಶಾಟ್ ಅದೇ. ಇನ್ನೊಂದು ಸಲ ಅವನ ಮುಂದಿನ ಹಲ್ಲು ಬಿದ್ದಿತ್ತು, 'ಸ' ಸರಿಯಾಗಿ ಬರುತ್ತಿರಲಿಲ್ಲ. ಡಬ್ಬಿಂಗ್‌ನಲ್ಲಿ ಸರಿ ಮಾಡೋಣ ಅಂದರು. ನಾನು ಬಿದ್ದ ಹಲ್ಲನ್ನೇ ಒಂದು ಸೀನ್ ಮಾಡಿದೆ.

ಬೀವರ್‌ನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ ಆಗುವುದು ಅಣ್ಣ ತಮ್ಮ ರಾತ್ರಿ ತಮ್ಮ ರೂಮಿನಲ್ಲಿ ಮಾತಾಡುವ ಸೀನ್‌ಗಳು. ಅಪ್ಪನ ಎದುರು ಒಂದು ಭಾಷೆ, ಇಲ್ಲಿ ಇನ್ನೊಂದು. ತಮ್ಮನಿಗೆ ದೊಡ್ಡವರ ಲೋಕವನ್ನು ಬಿಡಿಸಿ ಹೇಳುವವನು ವಾಲಿ, ಅವನಿಗೂ ಅರ್ಧವೇ ಗೊತ್ತು. ತಮ್ಮನ ಪಾತ್ರ ಚೆನ್ನಾಗಿ ಬರಬೇಕಾದರೆ ಪಕ್ಕದಲ್ಲಿ ಅಣ್ಣನೋ ಅಕ್ಕನೋ ಗಟ್ಟಿಯಾಗಿ ಇರಬೇಕು. ನಮ್ಮಲ್ಲಿ ಅಕ್ಕನಿಗೆ ಮದುವೆ, ಅತ್ತೆ, ಅಳು ಅಂತ ನೂರು ಕೆಲಸ. ತಮ್ಮನ ಜೊತೆ ಕೂತು ಮಾತಾಡಲು ಅವಳಿಗೆ ಸೀನೇ ಸಿಗುವುದಿಲ್ಲ. ವಾರಕ್ಕೆ ಒಂದಾದರೂ ಕೊಡಿ ಅಂತ ಒನ್‌ಲೈನ್ (ಯಾವ ಸೀನ್‌ನಲ್ಲಿ ಏನಾಗುತ್ತದೆ ಅನ್ನುವ ಪಟ್ಟಿ) ಬರೆಯುವವರನ್ನು ನಾನು ಪ್ರತಿ ಮೀಟಿಂಗ್‌ನಲ್ಲೂ ಕೇಳುತ್ತೇನೆ.

ಈಗ ಪಂಚ್ ವಿಷಯ. 'ಡಿಫರೆಂಟ್ ಸ್ಟ್ರೋಕ್ಸ್' 1978ರಲ್ಲಿ ಶುರುವಾದಾಗ ತಮ್ಮ ಆರ್ನಲ್ಡ್ ಆಗಿದ್ದ ಗ್ಯಾರಿ ಕೋಲ್ಮನ್‌ಗೆ 10 ವರ್ಷ. ಅದ್ಭುತ ಟೈಮಿಂಗ್ ಇದ್ದ ಹುಡುಗ. ಅಣ್ಣ ವಿಲ್ಲಿಸ್‌ನ ಕಡೆ ಮುಖ ಗಂಟುಹಾಕಿ ತಿರುಗಿ ಹೇಳುವ ಒಂದು ಮಾತು ದೇಶಕ್ಕೆಲ್ಲ ಬಾಯಿಪಾಠ ಆಯಿತು. ಮುಂದೆ ಜನ ಕಾಯುತ್ತಿದ್ದದ್ದೇ ಆ ಮಾತಿಗೆ. ಹುಟ್ಟಿನಿಂದ ಇದ್ದ ಕಿಡ್ನಿ ಕಾಯಿಲೆಯಿಂದ ಗ್ಯಾರಿ ಎತ್ತರಕ್ಕೆ ಬೆಳೆಯಲಿಲ್ಲ. 1986ರಲ್ಲಿ ಸರಣಿ ಮುಗಿದಾಗ ಅವನಿಗೆ 18. ಆಗಲೂ ಅವನು ಪುಟ್ಟ ತಮ್ಮನೇ. 1989ರಲ್ಲಿ ತನ್ನ ದುಡಿಮೆಯ ಹಣದ ವಿಷಯಕ್ಕೆ ಅಪ್ಪ ಅಮ್ಮನ ಮೇಲೇ ಕೇಸು ಹಾಕಬೇಕಾಯಿತು. 1993ರಲ್ಲಿ 12.8 ಲಕ್ಷ ಡಾಲರ್ ಕೊಡಬೇಕೆಂದು ತೀರ್ಪು ಬಂತು. ಒಂದು ಪಂಚ್‌ನಿಂದ ಇದೆಲ್ಲ ಆಯಿತು ಅಂತ ನಾನು ಹೇಳುತ್ತಿಲ್ಲ. ಆದರೆ ಹತ್ತು ವರ್ಷದ ಬಾಯಿಗೆ ಇಟ್ಟ ಮಾತು ಹದಿನೆಂಟು ವರ್ಷದವನಿಗೂ ಅಂಟಿಕೊಂಡಿತ್ತು. ಅದನ್ನು ಬರೆಯುವವರು ನಾವೇ.

ಹುಡುಗ ಬೆಳೆದುಬಿಟ್ಟರೆ ಏನು ಮಾಡುವುದು? ಎಲ್ಲ ಸಿಟ್‌ಕಾಮ್‌ಗಳಿಗೂ ಈ ಪ್ರಶ್ನೆ ಬಂದಿದೆ. 'ದಿ ಬ್ರೇಡಿ ಬಂಚ್'ನಲ್ಲಿ ಮಕ್ಕಳು ದೊಡ್ಡವರಾದರು ಅಂತ 1974ರ ಕೊನೆಯ ಆರು ಎಪಿಸೋಡ್‌ಗೆ ಆಲಿವರ್ ಅನ್ನುವ ಚಿಕ್ಕ ಸಂಬಂಧಿಯನ್ನು ತಂದರು. 'ಫ್ಯಾಮಿಲಿ ಟೈಸ್'ನಲ್ಲಿ 1985ರಲ್ಲಿ ಹುಟ್ಟಿದ ಕೂಸು ಆಂಡಿ, 1986ರ ಹೊಸ ಸೀಸನ್ ಹೊತ್ತಿಗೆ ಪಟಪಟ ಮಾತಾಡುವ ನಾಲ್ಕು ವರ್ಷದ ಹುಡುಗ. ಕಥೆ ಒಮ್ಮೆಲೇ ಕೆಲವು ವರ್ಷ ಮುಂದೆ ಹಾರುವುದನ್ನು ನಾವು ಲೀಪ್ ಅಂತೀವಲ್ಲ, ಅದೇ. 'ಮೈ ತ್ರೀ ಸನ್ಸ್'ನ ಕೊನೆಯ ಮಗ ಚಿಪ್‌ಗೆ 1960ರ ದಶಕದ ನಡುವೆ ಒಬ್ಬ ದತ್ತು ತಮ್ಮ ಬಂದ. ಹೆಸರು ಅರ್ನಿ. ಆ ಪಾತ್ರ ಮಾಡಿದವನು ಚಿಪ್ ಆಗಿದ್ದ ಹುಡುಗನ ಸ್ವಂತ ತಮ್ಮ. ಅದೇ ಸರಣಿಯಲ್ಲಿ ಅಪ್ಪನ ಪಾತ್ರದ ಫ್ರೆಡ್ ಮ್ಯಾಕ್‌ಮರೆ ಅವರ ಸೀನ್‌ಗಳನ್ನೆಲ್ಲ ವರ್ಷಕ್ಕೆ 65 ದಿನದಲ್ಲಿ ಮುಗಿಸಿಬಿಡುತ್ತಿದ್ದರು. ಉಳಿದದ್ದು ತಿಂಗಳುಗಳ ನಂತರ. ಕಂಟಿನ್ಯುಟಿ ತಪ್ಪದಿರಲಿ, ಅಂದರೆ ಒಂದು ಶಾಟ್‌ನಿಂದ ಇನ್ನೊಂದಕ್ಕೆ ಹುಡುಗರು ಬೇರೆ ಥರ ಕಾಣದಿರಲಿ ಅಂತ ಹುಡುಗರಿಗೆ ಪದೇ ಪದೇ ಕೂದಲು ಕತ್ತರಿಸಬೇಕಿತ್ತು. ಎಪಿಸೋಡ್ ಬ್ಯಾಂಕಿಂಗ್ ಮಾಡುವ, ಅಂದರೆ ಎಪಿಸೋಡ್‌ಗಳನ್ನು ಮುಂಚೆಯೇ ಶೂಟ್ ಮಾಡಿ ಕೂಡಿಡುವ ನಮ್ಮ ಅಸೋಸಿಯೇಟ್ ಡೈರೆಕ್ಟರ್‌ಗಳಿಗೆ ಈ ಕಷ್ಟ ಚೆನ್ನಾಗಿ ಗೊತ್ತು.

ಬೀವರ್ ಬರೆದವರು ಬೇರೆ ದಾರಿ ಹಿಡಿದರು. ಹುಡುಗ ಬೆಳೆದಂತೆ ಪಾತ್ರವನ್ನೂ ಬೆಳೆಸಿದರು. ಗಂಡುಮಕ್ಕಳು ಎತ್ತರ ಆದಾಗ ಅಮ್ಮನ ಪಾತ್ರದ ಬಾರ್ಬರಾ ಬಿಲ್ಲಿಂಗ್ಸ್ಲಿ ಹೈ ಹೀಲ್ಸ್ ಹಾಕಿಕೊಂಡರು, ಅಷ್ಟೇ. ಕೊನೆಯಲ್ಲಿ ವಾಲಿ ಕಾಲೇಜಿಗೆ, ಬೀವರ್ ಹೈಸ್ಕೂಲಿಗೆ ಹೊರಡುವ ಹೊತ್ತಿಗೆ ಸರಣಿ ನಿಂತಿತು. ಹೊಸ ಚಿಕ್ಕವನನ್ನು ಯಾರೂ ತರಲಿಲ್ಲ.

ಅದೇ ಕಾಲದ ಇನ್ನೊಬ್ಬ ತಮ್ಮ, 'ಡೋನಾ ರೀಡ್ ಶೋ'ನ ಜೆಫ್ ಆಗಿದ್ದ ಪಾಲ್ ಪೀಟರ್ಸನ್. 1990ರಲ್ಲಿ, ಡ್ಯಾನಿ ಥಾಮಸ್ ಅವರ ಶೋನಲ್ಲಿ ಚುರುಕು ಮಾತಿನ ಮಗನಾಗಿದ್ದ ರಸ್ಟಿ ಹೇಮರ್ 42ನೇ ವಯಸ್ಸಿಗೆ ಆತ್ಮಹತ್ಯೆ ಮಾಡಿಕೊಂಡರು. ಆಮೇಲೆ ಪೀಟರ್ಸನ್ ಬಾಲನಟರಿಗಾಗಿ ಒಂದು ಸಂಸ್ಥೆ ಕಟ್ಟಿದರು. ಮಕ್ಕಳ ದುಡಿಮೆಯ ಶೇ 15 ಪಾಲನ್ನು ತೆಗೆದಿಡಬೇಕೆಂಬ ಕ್ಯಾಲಿಫೋರ್ನಿಯಾದ ಕಾನೂನು 2000ದಲ್ಲಿ ಬಿಗಿಯಾಯಿತು.

ನಮ್ಮಲ್ಲೂ 2017ರ ಬಾಲಕಾರ್ಮಿಕ ನಿಯಮಗಳು ಇವೆ. ಮಗುವಿಗೆ ದಿನಕ್ಕೆ 5 ಗಂಟೆಗಿಂತ ಜಾಸ್ತಿ ಕೆಲಸ ಇಲ್ಲ. ಬಿಡುವಿಲ್ಲದೆ 3 ಗಂಟೆ ದಾಟುವಂತಿಲ್ಲ. ಆದಾಯದ ಕನಿಷ್ಠ ಶೇ 20 ಮಗುವಿನ ಹೆಸರಲ್ಲಿ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಎಫ್‌ಡಿ ಆಗಬೇಕು. ಇದೆಲ್ಲ ಪ್ರೊಡಕ್ಷನ್‌ನವರ ಕೆಲಸ ಅಂತ ಬರಹಗಾರರು ಸುಮ್ಮನಿರಬಾರದು ಅನ್ನುವುದು ನನ್ನ ಅಭಿಪ್ರಾಯ. ಹುಡುಗನನ್ನು ಎಂಟು ಸೀನ್‌ಗೆ ಹಾಕಿದರೆ ಐದು ಗಂಟೆಯಲ್ಲಿ ಮುಗಿಯುವುದಿಲ್ಲ. ಹಾಗಾಗಿ ನಾನು ಒಂದು ದಿನದ ಶೂಟಿಂಗ್‌ಗೆ ಅವನ ಸೀನ್ ಮೂರಕ್ಕಿಂತ ಹೆಚ್ಚು ಬಾರದ ಹಾಗೆ ನೋಡಿಕೊಳ್ಳುತ್ತೇನೆ. ಪರೀಕ್ಷೆ ಬಂದರೆ ಕಥೆಯಲ್ಲಿ ಅವನನ್ನು ಅಜ್ಜಿ ಮನೆಗೆ ಕಳಿಸುತ್ತೇನೆ.

ನಮ್ಮ ಹುಡುಗ ಈ ವರ್ಷ ಹೈಸ್ಕೂಲ್ ಸೇರಿದ, ಧ್ವನಿ ಒಡೆಯುತ್ತಿದೆ. ಅವನ ಜಾಗಕ್ಕೆ ಇನ್ನೂ ಚಿಕ್ಕವನನ್ನು ತರೋಣ ಅಂತ ಮೀಟಿಂಗ್‌ನಲ್ಲಿ ಮಾತು ಬಂತು. ಬೇಡ ಅಂದೆ. ಅಕ್ಕನ ಗಂಡನ ಮೇಲೆ ಅವನಿಗೆ ಮೊದಲ ಸಲ ಅನುಮಾನ ಹುಟ್ಟುವ ಒಂದು ಟ್ರ್ಯಾಕ್ ಬರೆದು ಕೊಟ್ಟಿದ್ದೇನೆ. ಚಿಕ್ಕವನಾಗಿದ್ದಾಗ ನೋಡಿದ್ದು ಈಗ ಅವನಿಗೆ ಅರ್ಥ ಆಗುತ್ತಿದೆ. ಚಾನೆಲ್‌ನವರು ಒಪ್ಪಿದ್ದಾರೆ, ಮುಂದಿನ ಶೆಡ್ಯೂಲ್‌ನಲ್ಲಿ ಶೂಟಿಂಗ್.