ಹಾಸನದಿಂದ ಮೈಸೂರು ಝೂಗೆ: ಎಂಟೂವರೆಗೆ ಗೇಟಿನ ಮುಂದಿರಿ

ನಮ್ಮ ಕಡೆಯಿಂದ ಮಕ್ಕಳನ್ನು ಕಟ್ಟಿಕೊಂಡು ಮೈಸೂರಿಗೆ ಹೋಗುವವರ ಪಟ್ಟಿ ಸಾಮಾನ್ಯವಾಗಿ ಹೀಗಿರುತ್ತೆ: ಮೊದಲು ಚಾಮುಂಡಿ ಬೆಟ್ಟ, ಆಮೇಲೆ ಅರಮನೆ, ಊಟ, ಊಟ ಆದ ಮೇಲೆ ಝೂ, ಸಂಜೆಗೆ ಬೃಂದಾವನ. ಝೂ ಒಳಗೆ ಕಾಲಿಡುವಾಗ ಎರಡು ಗಂಟೆ ಆಗಿರುತ್ತೆ. ಆ ಹೊತ್ತಿಗೆ ಹುಲಿ ನೆರಳು ಹುಡುಕಿ ಮಲಗಿರುತ್ತೆ, ಮಕ್ಕಳೂ ತೂಕಡಿಸುತ್ತಿರುತ್ತವೆ. 157 ಎಕರೆಯ ಜಾಗ ಅದು, ಪೂರ್ತಿ ಸುತ್ತು ಹಾಕಿದರೆ ಮೂರು ಕಿಲೋಮೀಟರಿಗೂ ಹೆಚ್ಚು ನಡಿಗೆ. ಅರಮನೆ ಎಲ್ಲಿಗೂ ಓಡಿಹೋಗಲ್ಲ, ಇನ್ನೊಂದು ಸಲ ನೋಡಿದರಾಯ್ತು. ಝೂಗೆ ಒಂದು ದಿನವನ್ನೇ ಎತ್ತಿಡಿ.

ಮಂಗಳವಾರ ರಜೆ. ಬೇರೆ ದಿನ ಬೆಳಿಗ್ಗೆ 8.30ಕ್ಕೆ ತೆರೆದು ಸಂಜೆ 5.30ಕ್ಕೆ ಮುಚ್ಚುತ್ತೆ. ಹಾಸನದಿಂದ ಹೊಳೆನರಸೀಪುರ, ಕೆ.ಆರ್. ನಗರ, ಬಿಳಿಕೆರೆ ದಾರಿಯಲ್ಲಿ ಸುಮಾರು 120 ಕಿ.ಮೀ. ಕಾರಾದರೆ ಐದು ಗಂಟೆಗೆ ಮನೆ ಬಿಡಿ. ಇಲವಾಲ ದಾಟಿದ ಮೇಲೆ ಆಫೀಸು, ಸ್ಕೂಲಿನ ಟ್ರಾಫಿಕ್ ಶುರುವಾಗುವುದರಿಂದ ಅಲ್ಲಿಗೆ ಎಂಟರೊಳಗೆ ಮುಟ್ಟಬೇಕು. ತಿಂಡಿಗೆ ಹೋಟೆಲ್ ಹುಡುಕುತ್ತಾ ನಿಂತರೆ ಮುಕ್ಕಾಲು ಗಂಟೆ ಹೋಯಿತು ಅಂತಲೇ ಲೆಕ್ಕ. ಇಡ್ಲಿ ಕಟ್ಟಿಕೊಂಡು ಹೋಗುವುದು ವಾಸಿ. ರೈಲಿಗೂ ಅದೇ ಹೊಳೆನರಸೀಪುರ, ಕೆ.ಆರ್. ನಗರದ ದಾರಿ. ಬಸ್ಸಿನಲ್ಲಿ ಹೋದರೆ ಸಬರ್ಬನ್ ಬಸ್ ಸ್ಟ್ಯಾಂಡಿನಿಂದ ಝೂಗೆ ಆಟೋದಲ್ಲಿ ಐದು–ಹತ್ತು ನಿಮಿಷ.

ಟಿಕೆಟ್ ಆನ್‌ಲೈನಿನಲ್ಲೇ ತೆಗೆದುಬಿಡಿ. ದರ ಆಗಾಗ ಬದಲಾಗುವುದರಿಂದ ಹಳೇ ವಿಡಿಯೋ ನೋಡಿ ಲೆಕ್ಕ ಹಾಕಬೇಡಿ. ಗೇಟಿನಲ್ಲಿ ತಡವಾಗುವುದು ಟಿಕೆಟ್ಟಿಗಿಂತ ಹೆಚ್ಚಾಗಿ ಬ್ಯಾಗ್ ತಪಾಸಣೆಯಿಂದ. ಪ್ಲಾಸ್ಟಿಕ್ ಕವರು, ಕುರುಕಲು ಪ್ಯಾಕೆಟ್ಟು ಒಳಗೆ ಬಿಡಲ್ಲ. ಗಾಳಿಗೆ ಹಾರಿದ ಒಂದು ಕವರು ಜಿಂಕೆಯ ಹೊಟ್ಟೆ ಸೇರಿದರೆ ಕರುಳಲ್ಲಿ ಸಿಕ್ಕಿಕೊಂಡು ಪ್ರಾಣಕ್ಕೇ ಬರುತ್ತೆ. ಸ್ಟೀಲ್ ಬಾಟಲಿಯಲ್ಲಿ ನೀರು, ಟೋಪಿ, ಸಾಧ್ಯವಾದರೆ ಒಂದು ದುರ್ಬೀನು, ಇಷ್ಟೇ ಸಾಕು. ಪುಳಿಯೋಗರೆ ಡಬ್ಬಿ ಕಾರಿನಲ್ಲೇ ಇರಲಿ, ಹೊರಗೆ ಬಂದ ಮೇಲೆ ತಿನ್ನಿ.

ಒಳಗೆ ಹೋದ ಮೇಲೆ ಮೊದಲ ಎರಡು ಗಂಟೆ ಫೋಟೋಗೆ, ಐಸ್‌ಕ್ರೀಮಿಗೆ ಕಳೆಯಬೇಡಿ. ರಾತ್ರಿ ಮಲಗುವ ಗೂಡಿನಿಂದ ಆಗತಾನೇ ಬಯಲಿಗೆ ಬಿಟ್ಟ ಹುಲಿ, ಸಿಂಹ, ಚಿರತೆಗಳು ಮೂಸುತ್ತಾ ಓಡಾಡುವ ಹೊತ್ತದು. ಇಲ್ಲಿ ದೊಡ್ಡ ಪ್ರಾಣಿಗಳಿಗೆ ಕಂಬಿ ಗೂಡಿಗಿಂತ ಹೆಚ್ಚಾಗಿ ಕಂದಕವೇ ಬೇಲಿ. ನೋಡುವುದಕ್ಕೆ ಚೆಂದ, ಆದರೆ ನಾಲ್ಕೈದು ವರ್ಷದ ಮಕ್ಕಳಿಗೆ ಮುಂದಿನ ಗೋಡೆ ಮಾತ್ರ ಕಾಣುತ್ತೆ. ಎತ್ತಿಕೊಳ್ಳುವುದಕ್ಕೆ ಒಬ್ಬರು ಗಟ್ಟಿಗರು ಜೊತೆಗಿರಬೇಕು. ಗಾಜಿನ ಹಿಂದಿರುವ ಹಾವುಗಳ ಫೋಟೋ ಬೇಕಾದರೆ ಫ್ಲ್ಯಾಶ್ ಆರಿಸಿ, ಫೋನನ್ನು ಗಾಜಿಗೆ ಅಂಟಿಸಿ ಹಿಡಿಯಿರಿ. ಇಲ್ಲದಿದ್ದರೆ ಕಾಳಿಂಗ ಸರ್ಪದ ಬದಲು ನಿಮ್ಮದೇ ಮುಖ ಬರುತ್ತೆ. ಗಾಜು ತಟ್ಟಬೇಡಿ. ಹಾವಿಗೆ ಸದ್ದಿಗಿಂತ ಅದುರುವಿಕೆ ಬೇಗ ಗೊತ್ತಾಗುತ್ತೆ, ದಿನವಿಡೀ ಅದೇ ಆದರೆ ಅದಕ್ಕೂ ನೆಮ್ಮದಿ ಇರಲ್ಲ.

ಜನ ತೀರಾ ಅವಸರ ಮಾಡುವುದು ನೀರುಕುದುರೆ ಹತ್ತಿರ. ‘ಏನೂ ಕಾಣ್ತಿಲ್ಲ, ಬನ್ನಿ’ ಅಂತ ಅರ್ಧ ನಿಮಿಷಕ್ಕೆ ಹೊರಟುಬಿಡ್ತಾರೆ. ಅದು ಮುಳುಗಿದ್ದರೆ ಮೂರರಿಂದ ಐದು ನಿಮಿಷಕ್ಕೊಮ್ಮೆ ಉಸಿರಿಗೆ ಮೇಲೆ ಬರಲೇಬೇಕು. ಮೊದಲು ಎರಡು ಮೂಗಿನ ಹೊಳ್ಳೆ ಬಿಚ್ಚಿಕೊಂಡು ಬುಸ್ ಅಂತ ನೀರು ಚಿಮ್ಮುತ್ತೆ, ಹಿಂದೆಯೇ ಕಣ್ಣು, ಆಮೇಲೆ ಪಟಪಟ ಬಡಿಯುವ ಪುಟ್ಟ ಕಿವಿ. ಜಿರಾಫೆ ಮುಂದೆಯೂ ನಿಲ್ಲಿ. ಮೇಲೆ ಕಟ್ಟಿದ ಸೊಪ್ಪಿಗೆ ಅದು ನಾಲಿಗೆ ಚಾಚುವಾಗ ನೋಡಬೇಕು: ಕಪ್ಪು ನೇರಳೆ ಬಣ್ಣ, ಸುಮಾರು ಒಂದೂವರೆ ಅಡಿ ಉದ್ದ. ಸಕಲೇಶಪುರ, ಮೂಡಿಗೆರೆ ಕಡೆ ತೋಟದಲ್ಲಿ ಕಾಟಿ, ಅಂದರೆ ಕಾಡುಕೋಣ, ಕಂಡವರು ಇಲ್ಲಿನ ಕಾಟಿಯನ್ನು ದಾಟಿಕೊಂಡು ಹೋಗಿಬಿಡ್ತಾರೆ. ಆದರೆ ಭಯವಿಲ್ಲದೆ ಅದರ ಬಿಳಿ ಕಾಲುಚೀಲ, ಬೆನ್ನಿನ ಏಣನ್ನು ಹತ್ತಿರದಿಂದ ನೋಡುವುದಕ್ಕೆ ಇದೇ ಜಾಗ. ಗೊರಿಲ್ಲಾಗಳು 2021ರಲ್ಲಿ ಜರ್ಮನಿಯಿಂದ ಬಂದವು. ಅವುಗಳ ಮುಂದೆ ಎದೆ ಬಡಿದು ತೋರಿಸುವ ದೊಡ್ಡವರು ಯಾವಾಗಲೂ ಒಬ್ಬರಾದರೂ ಇರ್ತಾರೆ; ಗೊರಿಲ್ಲಾ ಪಾಲಿಗೆ ಅದು ಜಗಳಕ್ಕೆ ಕರೆದ ಹಾಗೆ.

ಹನ್ನೊಂದೂವರೆ ಆದ ಮೇಲೆ ಅವಸರ ಬೇಡ. 1892ರಲ್ಲಿ ಹತ್ತನೇ ಚಾಮರಾಜ ಒಡೆಯರ್ ಬೇಸಿಗೆ ಅರಮನೆಯ ಹತ್ತು ಚಿಲ್ಲರೆ ಎಕರೆಯಲ್ಲಿ ಶುರು ಮಾಡಿದ ಈ ಜಾಗವನ್ನು ಬರೀ ಪ್ರಾಣಿ ಮನೆಯಾಗದಂತೆ ತೋಟವಾಗಿ ರೂಪಿಸಿದ್ದು ಜರ್ಮನಿಯ ತೋಟಗಾರಿಕೆ ತಜ್ಞ ಕ್ರುಂಬಿಗಲ್. ಮುಂದೆ ಲಾಲ್‌ಬಾಗ್ ನೋಡಿಕೊಂಡವರೂ ಅವರೇ. ಬಿದಿರು ಮೆಳೆ, ಹಳೇ ಮರದ ನೆರಳು, ಕೂರಲು ಬೆಂಚು ಎಲ್ಲ ಇದೆ. ಅಜ್ಜಿ ತಾತ ಇದ್ದರೆ ಬ್ಯಾಟರಿ ಗಾಡಿ ಹಿಡಿಯಿರಿ. ಭಾನುವಾರ ಅದಕ್ಕೂ ಉದ್ದ ಸರತಿ ಇರುವುದರಿಂದ ಬಂದ ಕೂಡಲೇ ವಿಚಾರಿಸಿ. ಗಾಡಿ ಎಲ್ಲ ಕಡೆ ಹೆಚ್ಚು ಹೊತ್ತು ನಿಲ್ಲಲ್ಲ ಅನ್ನುವುದೊಂದೇ ಕೊರತೆ.

ಊಟ ಆದ ಮೇಲೆ ಪಕ್ಕದ ಕಾರಂಜಿ ಕೆರೆಗೆ ಹೋಗಬಹುದು. ಒಳಗೆ ನಡೆದು ಹೋಗುವ ದೊಡ್ಡ ಪಕ್ಷಿಮನೆ ಮಕ್ಕಳಿಗೆ ಝೂಗಿಂತ ಹೆಚ್ಚು ಹಿಡಿಸಿದರೂ ಆಶ್ಚರ್ಯವಿಲ್ಲ, ಮಧ್ಯೆ ಕಂಬಿಯೇ ಇಲ್ಲವಲ್ಲ. ಬಾಗಿಲು ಎರಡೆರಡು ಇರುತ್ತೆ, ಒಂದು ಮುಚ್ಚಿದ ಮೇಲೇ ಇನ್ನೊಂದು ತೆಗೆಯಬೇಕು. ಚಿಟ್ಟೆ ಪಾರ್ಕಿಗೆ ಬಿಸಿಲಿರುವಾಗಲೇ ಹೋಗಿ, ಮೋಡ ಕವಿದರೆ ಚಿಟ್ಟೆ ರೆಕ್ಕೆ ಮಡಚಿ ಎಲೆ ಕೆಳಗೆ ಕೂರುತ್ತೆ. ದೋಣಿಯಾಟ ಕೊನೆಗಿರಲಿ.

ದಸರಾ, ಕ್ರಿಸ್‌ಮಸ್ ರಜೆ, ಹೊಸ ವರ್ಷ, ಡಿಸೆಂಬರಿನ ಶಾಲಾ ಪ್ರವಾಸದ ದಿನಗಳು ಬೇಡವೇ ಬೇಡ. ಜುಲೈ, ಆಗಸ್ಟಿನ ಬುಧವಾರ ಗುರುವಾರ ಒಳ್ಳೆಯದು. ಮಳೆಯ ಭಯ ನಮಗೇನು? ಕೊಡೆ ಹಿಡಿದರಾಯ್ತು, ತಂಪಿಗೆ ಪ್ರಾಣಿಗಳೂ ಮಧ್ಯಾಹ್ನದವರೆಗೆ ಓಡಾಡಿಕೊಂಡಿರುತ್ತವೆ. ಹಕ್ಕಿಜ್ವರದ ಸುದ್ದಿ ಇದ್ದರೆ ಮಾತ್ರ ಹೊರಡುವ ಮುಂಚೆ ಪತ್ರಿಕೆ ನೋಡಿ. 2017ರ ಜನವರಿಯಲ್ಲಿ ಅದೇ ಕಾರಣಕ್ಕೆ ಝೂ ಸುಮಾರು ಒಂದು ತಿಂಗಳು ಮುಚ್ಚಿತ್ತು.

ಚಿಕ್ಕಮಗಳೂರಿನವರು ಒಂದೇ ದಿನದಲ್ಲಿ ಹೋಗಿ ಬರುವ ಸಾಹಸ ಮಾಡಬೇಡಿ, ಹಿಂದಿನ ರಾತ್ರಿಯೇ ಮೈಸೂರು ಸೇರಿಕೊಳ್ಳಿ. ತರೀಕೆರೆ, ಕಡೂರಿನವರಿಗೆ ಹುಲಿ ಸಿಂಹ ನೋಡಿದರೆ ಸಾಕು ಅಂತಿದ್ದರೆ ಶಿವಮೊಗ್ಗದ ತ್ಯಾವರೆಕೊಪ್ಪವೇ ಹತ್ತಿರ. ಅಲ್ಲಿಗೂ ಮಂಗಳವಾರ ಹೋಗಬೇಡಿ, ರಜೆ.