ಎನ್‌ವಿಎಂ ಅಂದರೆ 'ಏನಿಲ್ಲ, ಬಿಡು'

ಮಾರ್ಚ್ 9, 2025, ಭಾನುವಾರ, ರಾತ್ರಿ

ಮಗಳು ಈಗಷ್ಟೇ ಫೋನ್ ಇಟ್ಟಳು. ನಿದ್ದೆ ಬರುವ ಹಾಗಿಲ್ಲ, ಬರೆದುಬಿಡುತ್ತೇನೆ.

ಗುರುವಾರ ಸಂಜೆ ಅವಳಿಂದ ಮೆಸೇಜ್ ಬಂದಿತ್ತು. 'ಅಮ್ಮ, ಬ್ಯುಸಿ ಇದ್ದೀಯಾ?' ನಾನು ಆಫೀಸಿನಲ್ಲಿದ್ದೆ. 40 ನಿಮಿಷ ಕಳೆದ ಮೇಲೆ ನೋಡಿ 'ಹೇಳು ಪುಟ್ಟಿ' ಅಂತ ಬರೆದೆ. ಅವಳಿಂದ ಬಂದಿದ್ದು ಇಷ್ಟೇ: 'ಎನ್‌ವಿಎಂ. ಟಿಟಿವೈಎಲ್.' ಎರಡನೆಯದು ಗೊತ್ತಿತ್ತು, ಆಮೇಲೆ ಮಾತಾಡೋಣ ಅಂತ. ಮೊದಲನೆಯದು ಕಾಲೇಜಿನ ಯಾವುದೋ ಪರೀಕ್ಷೆಯ ಹೆಸರಿರಬೇಕು ಅಂದುಕೊಂಡೆ. ಹೆಬ್ಬೆರಳಿನ ಚಿತ್ರ ಒಂದನ್ನು ಕಳಿಸಿ ಕೆಲಸಕ್ಕೆ ತಿರುಗಿದೆ.

ಎನ್‌ವಿಎಂ ಅಂದರೆ ನೆವರ್ ಮೈಂಡ್. ನಮ್ಮ ಮಾತಿನಲ್ಲಿ 'ಏನಿಲ್ಲ, ಬಿಡು'. ಇವತ್ತು ಅವಳೇ ಹೇಳಿದಳು. ಆ ಸಂಜೆ ರೂಮ್‌ಮೇಟ್ ಜೊತೆ ಜೋರು ಜಗಳವಾಗಿ ತುಂಬಾ ಅತ್ತಿದ್ದಳಂತೆ. ನನಗಾಗಿ ಕಾದು ಕಾದು, ಹೇಳುವ ಮನಸ್ಸೇ ಹೋಯಿತಂತೆ. 'ಏನಿಲ್ಲ ಬಿಡಮ್ಮ' ಅಂತ ಬರೆದಿದ್ದರೆ ನಾನು ಆ ಕ್ಷಣವೇ ಫೋನ್ ಮಾಡುತ್ತಿದ್ದೆ. ಆ ಮಾತು ಕೇಳಿದ ಮೇಲೆ ಯಾವ ತಾಯಿ ಸುಮ್ಮನಿರುತ್ತಾಳೆ? ಮೂರು ಅಕ್ಷರ ನೋಡಿ ಹೆಬ್ಬೆರಳು ತೋರಿಸಿಬಿಟ್ಟೆ. ನೆನೆದರೆ ಈಗಲೂ ಹೊಟ್ಟೆ ಕಿವುಚುತ್ತೆ.

'ಗೊತ್ತಾಗದಿದ್ರೆ ಕೇಳಬೇಕಿತ್ತಮ್ಮ' ಅಂದಳು. ನಿಜ, ಕೇಳಬೇಕಿತ್ತು. ಮಕ್ಕಳ ಹತ್ತಿರ ಕೇಳೋಕೆ ಸಂಕೋಚ. ಇವತ್ತು ಅದನ್ನು ಬಿಟ್ಟು ಒಂದು ಗಂಟೆ ಪಾಠ ಹೇಳಿಸಿಕೊಂಡೆ. ಐಡಿಕೆ ಅಂದರೆ ಗೊತ್ತಿಲ್ಲ. ಬಿಆರ್‌ಬಿ ಅಂದರೆ 'ಈಗ ಬಂದೆ, ಇರು'. ಟಿಬಿಎಚ್ ಅಂದರೆ 'ನಿಜ ಹೇಳಬೇಕಂದ್ರೆ'. ಐಎಂಒ ಅಂದರೆ 'ನನ್ನ ಪ್ರಕಾರ'. ಎಸ್‌ಎಂಎಚ್ ಅಂದರೆ ತಲೆ ಅಲ್ಲಾಡಿಸುವುದು. ಹಾಗಾದರೆ ಒಪ್ಪಿಗೆ ಅಂತ ತಾನೇ ಅಂದೆ. ಅಲ್ಲವಂತೆ. ಬೇಸರದಿಂದ ಆ ಕಡೆ ಈ ಕಡೆ ಅಲ್ಲಾಡಿಸೋದು, 'ಏನು ಹೇಳೋದು ಇವರಿಗೆ' ಅನ್ನೋ ಹಾಗೆ.

ಆಮೇಲೆ ಅವಳು ಇನ್ನೊಂದು ಮಾತು ಹೇಳಿದಳು. ನನಗೆ ಜಾಸ್ತಿ ತಾಗಿದ್ದು ಅದೇ. 'ನೀನು ಬರೀ ಕೆ ಅಂತ ಕಳಿಸ್ತೀಯಲ್ಲ, ಪ್ರತಿ ಸಲ ನಿನಗೆ ಕೋಪ ಬಂದಿದೆ ಅಂದ್ಕೊಳ್ತೀನಿ.'

ಕೋಪವೇ? ನನಗೆ ಅದು ಓಕೆ, ಅಂದರೆ 'ಸರಿ' ಅನ್ನುವುದರ ಚಿಕ್ಕ ರೂಪ, ಅಷ್ಟೇ. ನಾವು ಮೆಸೇಜ್ ಕಲಿತದ್ದು ಗುಂಡಿ ಒತ್ತುವ ಫೋನಿನಲ್ಲಿ. ಏಳನೇ ಗುಂಡಿಯಲ್ಲಿ ಪಿ, ಕ್ಯೂ, ಆರ್, ಎಸ್. ಒಂದು ಎಸ್ ಬೇಕೆಂದರೆ ನಾಲ್ಕು ಸಲ ಒತ್ತಬೇಕು. ಒಂದು ಮೆಸೇಜಿಗೆ 160 ಇಂಗ್ಲಿಷ್ ಅಕ್ಷರ. ದಾಟಿದರೆ ಎರಡನೇ ಮೆಸೇಜ್ ಲೆಕ್ಕ. ಕನ್ನಡಕ್ಕೆ ಇನ್ನೂ ಕಷ್ಟ, 70 ಮಾತ್ರ. ಅದೂ ನಾವು ಬರೆಯುವಾಗ ಎಣಿಸುವ ಅಕ್ಷರ ಅಲ್ಲ. 'ಸ್ತ್ರೀ' ಅಂತ ಬರೆದರೆ ಕಣ್ಣಿಗೆ ಒಂದೇ ಅಕ್ಷರ. ಯಂತ್ರದ ಲೆಕ್ಕದಲ್ಲಿ ಸ, ತ, ರ, ನಡುವೆ ಎರಡು ಹಲಂತ, ಕೊನೆಗೆ ದೀರ್ಘ, ಒಟ್ಟು 6. ಅಂಥ ಕಾಲದಲ್ಲಿ 'ಕೆ' ಅನ್ನೋದು ಉಳಿತಾಯ. ಮಗಳ ಕೈಯಲ್ಲಿ ಪೂರ್ತಿ ಕೀಬೋರ್ಡ್ ಇದೆ, ಅಕ್ಷರಕ್ಕೆ ಲೆಕ್ಕವಿಲ್ಲ. ಅವಳ ಕಣ್ಣಿಗೆ ಅದೇ 'ಕೆ' ಮುಖ ತಿರುಗಿಸಿದ ಹಾಗೆ. ಇಷ್ಟು ವರ್ಷ ನನಗೆ ಇದು ಹೊಳೆದೇ ಇರಲಿಲ್ಲ.

ಊಟ ಆದ ಮೇಲೆ ಸ್ವಲ್ಪ ಹುಡುಕಿ ಓದಿದೆ. ಓಎಂಜಿ, ಅಂದರೆ ಓ ಮೈ ಗಾಡ್, ಈಗಿನ ಹುಡುಗರದ್ದು ಅಂದುಕೊಂಡಿದ್ದೆ. 1917ರಲ್ಲೇ ಬ್ರಿಟನ್ನಿನ ನೌಕಾಪಡೆಯ ಅಡ್ಮಿರಲ್ ಜಾನ್ ಫಿಶರ್ ಚರ್ಚಿಲ್‌ಗೆ ಬರೆದ ಪತ್ರದಲ್ಲಿ ಅದು ಇದೆ. ನನಗೆ ಇಷ್ಟವಾಗಿದ್ದು ಏನೆಂದರೆ, ಮೂರು ಅಕ್ಷರ ಬರೆದವರು ಪಕ್ಕದಲ್ಲೇ ಅದರ ಪೂರ್ತಿ ರೂಪವನ್ನೂ ಬರೆದಿದ್ದಾರೆ. ಓದುವವರಿಗೆ ಗೊತ್ತಾಗಲಿ ಅಂತ ತಾನೇ?

ಎಲ್‌ಒಎಲ್ ವಿಷಯದಲ್ಲಿ ಇನ್ನೊಂದು ಪೇಚು, ಒಂದೇ ರೂಪಕ್ಕೆ ಎರಡು ಅರ್ಥ. ಹೆಚ್ಚಿನವರಿಗೆ ಅದು ಜೋರು ನಗು, ಕೆಲವರಿಗೆ ತುಂಬು ಪ್ರೀತಿ. ನಮ್ಮಲ್ಲೂ 'ದಿ.' ಅಂದರೆ ದಿನಾಂಕವೂ ಹೌದು, ದಿವಂಗತವೂ ಹೌದು. ಆದರೆ ಮುಂದೆ ಅಂಕಿ ಇದ್ದರೆ ಒಂದು, ಹೆಸರಿದ್ದರೆ ಇನ್ನೊಂದು, ಎಡವಟ್ಟಾಗೋದಿಲ್ಲ. ಎಲ್‌ಒಎಲ್‌ಗೆ ಅಂಥ ಆಸರೆ ಇಲ್ಲ. ಸಾವಿನ ಸುದ್ದಿಗೆ, ಕಾಯಿಲೆ ಸುದ್ದಿಗೆ ನಾನಂತೂ ಯಾವ ಚಿಕ್ಕ ರೂಪವನ್ನೂ ಬರೆಯೋದಿಲ್ಲ. 'ಆತ್ಮಕ್ಕೆ ಶಾಂತಿ ಸಿಗಲಿ' ಅನ್ನೋ ಆರ್‌ಐಪಿ ಕೂಡ. ಮೂರು ಅಕ್ಷರದಲ್ಲಿ ಯಾರನ್ನೂ ಕಳಿಸಿಕೊಡಲು ಮನಸ್ಸು ಬರೋಲ್ಲ.

ಆಫೀಸಿನ ಗುಂಪಿನಲ್ಲಿ ಎಫ್‌ವೈಐ ('ನಿಮ್ಮ ಮಾಹಿತಿಗೆ'), ಡಬ್ಲ್ಯೂಎಫ್‌ಎಚ್ ('ಮನೆಯಿಂದ ಕೆಲಸ') ಇರಲಿ, ಎಲ್ಲರಿಗೂ ಗೊತ್ತು. ಎಎಸ್‌ಎಪಿ ಮಾತ್ರ ನಾಳೆಯಿಂದ ಬಿಡುತ್ತೇನೆ. 'ಆದಷ್ಟು ಬೇಗ' ಅಂದರೆ ಒಬ್ಬರಿಗೆ ಈಗ, ಇನ್ನೊಬ್ಬರಿಗೆ ನಾಳೆ. '4 ಗಂಟೆಯೊಳಗೆ ಬೇಕು' ಅಂತ ಬರೆದರೆ ಆಯ್ತಲ್ಲ.

ಮಗಳ ಹತ್ತಿರ ಇನ್ನು ಕೆ ಅನ್ನೋದಿಲ್ಲ ಅಂದೆ. ಅವಳೂ ಬೇಜಾರಾದಾಗ ಎನ್‌ವಿಎಂ ಅನ್ನೋದಿಲ್ಲ ಅಂದಳು. ಆಮೇಲೆ ಬೇರೆ ಮಾತಿಗೆ ಹೋದೆವು.

ರೂಮ್‌ಮೇಟ್ ಜೊತೆ ಮಾತು ಶುರುವಾಯಿತಾ ಅಂತ ಕೇಳೋದೇ ಮರೆತೆ. ನಾಳೆ ಬೆಳಗ್ಗೆ ಮೆಸೇಜ್ ಬೇಡ, ಫೋನೇ ಮಾಡುತ್ತೇನೆ.